ಕಾಲು ಕಿಲೋ ಲಿವರ್, ಮೂರು ಹುಳು

ತಟ್ಟೆಯಲ್ಲಿ ತೇಲಿದಂತೆ ಜಾರುತ್ತಿರುವುದು ಪ್ಲನೇರಿಯಾ ಎಂಬ ಚಪ್ಪಟೆಹುಳು. ತ್ರಿಕೋನದ ತಲೆ, ಮೆಳ್ಳೆಗಣ್ಣು. ಇದನ್ನು ಹಿಡಿಯಲು ಹಳ್ಳದ ಕಲ್ಲಿನಡಿ ದಾರ ಕಟ್ಟಿ ಲಿವರ್ ಇಟ್ಟದ್ದನ್ನು ಈ ವಿಡಿಯೊದಲ್ಲಿ ಆಗಲೇ ನೋಡಿದಿರಿ. ಮೂರು ಸಿಕ್ಕವು.

ಆ ಲಿವರ್ ವಿಚಾರ ಹೇಳಲೇಬೇಕು. ನನಗೆ ಬೇಕಿದ್ದದ್ದು ಉಗುರಿನಷ್ಟು. ಕಾಲು ಕಿಲೋಗಿಂತ ಕಡಿಮೆ ಕೊಡುವುದಿಲ್ಲ ಎಂದರು ಅಂಗಡಿಯವರು. ‘ಹುಳು ಹಿಡಿಯಲು’ ಎಂದು ನಿಜ ಹೇಳಿ ಕೆಟ್ಟೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೆತ್ತದ್ದು 200 ರೂಪಾಯಿ. ನಮ್ಮದೋ ಈರುಳ್ಳಿಯನ್ನೂ ಯೋಚಿಸಿ ತರುವ ಮನೆ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟೆ. ಬೆಳಿಗ್ಗೆ ಅಮ್ಮ ಹೆಪ್ಪಿಗೆಂದು ಕೈ ಹಾಕಿದರು. ಆಗ ಕ್ಯಾಮೆರಾ ಇರಲಿಲ್ಲ, ಪುಣ್ಯ. ಮೊಸರು, ಉಪ್ಪಿನಕಾಯಿ ಸಮೇತ ಎಲ್ಲವೂ ತಿಪ್ಪೆಗೆ. ಫ್ರಿಜ್ ಎರಡು ಸಲ ತೊಳೆದದ್ದು ನಾನು. ಪ್ಲನೇರಿಯಾದ ನೆಂಟ, ಫ್ಯಾಸಿಯೋಲ ಎಂಬ ಪರಾವಲಂಬಿ ಚಪ್ಪಟೆಹುಳು, ಕುರಿಯ ಲಿವರಿನಲ್ಲೇ ಬಾಡಿಗೆ ಕೊಡದೆ ಬದುಕುತ್ತದೆ. ಇವಕ್ಕೆ ಮಾತ್ರ ನಾನು ದುಡ್ಡು ಸುರಿಯಬೇಕು.

ಅಲ್ಲಿ ನೋಡಿ! ಹೊಟ್ಟೆಯ ನಡುವಿನಿಂದ ಬಿಳಿ ನಳಿಕೆ ಹೊರಬಂತು, ಗಂಟಲೇ ಅದು. ಬಾಯಿ ತಲೆಯಲ್ಲಿಲ್ಲ. ಗುದದ್ವಾರ ಇಲ್ಲವೇ ಇಲ್ಲ, ತಿಂದ ಬಾಯಲ್ಲೇ ಹೊರಹಾಕುತ್ತದೆ. ಹೃದಯ, ರಕ್ತ, ಕಿವಿರು ಒಂದೂ ಇಲ್ಲ. ಆಮ್ಲಜನಕ ಚರ್ಮದಿಂದಲೇ ಒಳಗಿಳಿಯಬೇಕು; ದಪ್ಪಗಾದರೆ ನಡುವಿನ ಜೀವಕೋಶಗಳಿಗೆ ಉಸಿರು ಮುಟ್ಟದು. ಅದಕ್ಕೇ ಈ ಚಪ್ಪಟೆ ಮೈ.

ಇದರ ಕರುಳಿಗೂ ಹೊರಗೋಡೆಗೂ ನಡುವೆ ಟೊಳ್ಳಿಲ್ಲ, ಎಲ್ಲ ಗಚ್ಚು. ಜಂತುಹುಳುವಿನಲ್ಲಿ ಟೊಳ್ಳುಂಟು, ಸುತ್ತ ಪೂರ್ತಿ ಪೊರೆಯಿಲ್ಲ. ಎರೆಹುಳುವಿನ ಟೊಳ್ಳಿಗೆ ಪೂರ್ತಿ ಪೊರೆ, ಮೈಗೆ ಉಂಗುರ. 1758ರಲ್ಲಿ, ಜೀವಿಗಳನ್ನು ಹೆಸರಿಟ್ಟು ವಿಂಗಡಿಸಿದ ಲಿನೇಯಸ್ ಇದ್ಯಾವುದನ್ನೂ ಲೆಕ್ಕಿಸದೆ ಚಪ್ಪಟೆ, ದುಂಡು, ಎರೆ ಎಲ್ಲವನ್ನೂ, ಬಸವನಹುಳು, ನಕ್ಷತ್ರಮೀನುಗಳ ಸಮೇತ ‘ವರ್ಮೀಸ್’ (ಲ್ಯಾಟಿನ್ನಿನಲ್ಲಿ ಹುಳುಗಳು) ಎಂಬ ಒಂದೇ ಚೀಲಕ್ಕೆ ತುಂಬಿದ. ಶುದ್ಧ ಸೋಮಾರಿತನ! ಟೊಳ್ಳು ನೋಡಿ ಹುಳು ವಿಂಗಡಿಸುವ ಲೆಕ್ಕವೇ ಸರಿ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ.

ಆದರೆ ಅದೂ ನಿಲ್ಲಲಿಲ್ಲ. 1997ರಲ್ಲಿ ಡಿಎನ್‌ಎ ಹೋಲಿಸಿದವರು ಜಂತುಹುಳುವನ್ನು ಒಯ್ದು, ಅದರಂತೆಯೇ ಹೊರಪೊರೆ ಕಳಚುವ ಜಿರಲೆ, ಏಡಿಗಳ ಪಕ್ಕದಲ್ಲಿ ಕೂರಿಸಿದರು. ಚಪ್ಪಟೆಹುಳು ಈಗ ಎರೆಹುಳು, ಬಸವನಹುಳುಗಳ ಕಡೆಯದು. ಅಂದರೆ ಲಿನೇಯಸ್‌ನ ಚೀಲದಲ್ಲಿ ಅರ್ಧ ನೆಂಟರೇ ಇದ್ದರು. ಸೋಮಾರಿ ಎಂದದ್ದನ್ನು ಹಿಂದಕ್ಕೆ ಪಡೆಯುತ್ತೇನೆ.

ಅಯ್ಯೋ, ನಳಿಕೆ ಒಳಗೆಳೆದುಕೊಂಡಿತು, ಬೆಳಕು ಹೆಚ್ಚಾಯಿತು. ಲಿವರ್ ತುಣುಕು ತೆಗೆಯಬೇಕು, ಬಿಟ್ಟರೆ ನೀರು ಕೊಳೆಯುತ್ತದೆ. ಚಿಮಟ ಅಡುಗೆಮನೆಯಲ್ಲಿದೆ. ಅಮ್ಮನೂ ಅಲ್ಲೇ ಇದ್ದಾರೆ.