ಗೋಣಿ ಸೊಪ್ಪು: ಕೊಯ್ಯುವ ಮೊದಲು ಕಾಂಡ ಮುರಿದು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಒಂದೆರಡು ಹದ ಮಳೆ ಬಿದ್ದರೆ ಸಾಕು, ತರಕಾರಿ ಮಡಿಯಲ್ಲಿ, ರಾಗಿ ಸಾಲಿನ ನಡುವೆ ಗೋಣಿ ಸೊಪ್ಪು ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಕಳೆ ಅಂತ ಕಿತ್ತು ಬದುವಿಗೆ ಎಸೆಯುವವರೇ ಜಾಸ್ತಿ. ಇಷ್ಟು ರುಚಿಯಾದ ಸೊಪ್ಪು ಹಾಗೆ ಬಾಡಿ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಸಾರಿಗೆ ಹಾಕುವ ಮೊದಲು ಗುರುತು ಸರಿಯಾಗಿ ಗೊತ್ತಿರಬೇಕು, ಅಲ್ವಾ?

ಕಾಂಡ ದಪ್ಪ, ನುಣುಪು, ಕೆಂಪು ಬಣ್ಣ. ಎಲೆ ಪುಟ್ಟ ಚಮಚದ ಹಾಗೆ, ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು. ಚಿವುಟಿದರೆ ಬೆರಳು ಒದ್ದೆಯಾಗುತ್ತದೆ. ಹೂವು ಹಳದಿ, ಸಾಮಾನ್ಯವಾಗಿ 5 ಎಸಳು. ಬಿಸಿಲೇರಿದ ಮೇಲೆ ಕೆಲವೇ ಗಂಟೆ ಅರಳಿರುತ್ತದೆ. ಬಲಿತ ಕಾಯಿಯನ್ನು ಉಗುರಿನಿಂದ ಮೀಟಿ ನೋಡಿ. ಮೇಲಿನ ಅರ್ಧ ಮುಚ್ಚಳ ಕಳಚಿ ಬರುತ್ತದೆ, ಒಳಗೆ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಬೀಜಗಳು.

ಇನ್ನು ಮೋಸ ಮಾಡುವ ಗಿಡಗಳ ವಿಚಾರ. ಇದರ ಪಕ್ಕದಲ್ಲೇ ಹಾಗೇ ನೆಲಕ್ಕೆ ಹರಡುವ, ಕೆಂಪು ಕಾಂಡದ ಹಾಲುಗಿಡಗಳಿವೆ. ಅವುಗಳ ಎಲೆ ತೆಳು. ಕಾಂಡ ಮುರಿದರೆ ಬಿಳಿ ಹಾಲು ಒಸರುತ್ತದೆ. ಹಾಲು ಕಂಡರೆ ಅಲ್ಲೇ ಬಿಟ್ಟುಬಿಡಿ. ಕೈ ತೊಳೆದುಕೊಳ್ಳಿ, ಕಣ್ಣು ಮುಟ್ಟಿಕೊಳ್ಳಬೇಡಿ. ಗೋಣಿ ಸೊಪ್ಪಿನಲ್ಲಿ ಬರುವುದು ನೀರಿನಂಥ ರಸ ಮಾತ್ರ. ಇನ್ನೊಂದು ಗಿಡದಲ್ಲಿ ಹಾಲೂ ಇಲ್ಲ, ಎಲೆಯೂ ದಪ್ಪ. ಅದರ ಹೂವು ನೋಡಿ: ಬಿಳಿ ಇಲ್ಲವೇ ಗುಲಾಬಿ. ಎದುರುಬದುರಾದ ಎರಡು ಎಲೆಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಹೂವಿಲ್ಲದೆ ಅನುಮಾನ ಬಂದರೆ ಹಳದಿ ಹೂ ಬಿಡುವವರೆಗೆ ಕಾಯಿರಿ.

ಇದಕ್ಕೆ ಬೇಕಾದ್ದು ಬಿಸಿಲು ಮತ್ತು ಕೆದಕಿದ ಮಣ್ಣು. ಅಡಿಕೆ ತೋಟದ ದಟ್ಟ ನೆರಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ತಿಪ್ಪೆಯ ಅಂಚು, ಹೂಕುಂಡ, ಫುಟ್‌ಪಾತಿನ ಬಿರುಕು, ಎಲ್ಲೆಲ್ಲೂ ಹುಟ್ಟುತ್ತದೆ. ಹುಟ್ಟಿದ ಕಡೆಯೆಲ್ಲ ಕೊಯ್ಯಬೇಡಿ. ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ಹೊಲದ್ದು ಬೇಡವೇ ಬೇಡ.

ರೈತರಿಗೆ ಒಂದು ಮಾತು. ಕಿತ್ತ ಗಿಡವನ್ನು ಹಸಿ ಮಣ್ಣಿನ ಮೇಲೆ ಸುಮ್ನೆ ಬಿಟ್ಟರೆ ಅದು ಮತ್ತೆ ಬೇರು ಬಿಡುತ್ತದೆ. ಕುಂಟೆಗೆ ಸಿಕ್ಕು ತುಂಡಾದ ಕಾಂಡವೂ ಚಿಗುರುತ್ತದೆ. ಕಾಯಿ ಬಲಿಯುವ ಮೊದಲೇ ಕಿತ್ತು ಹೊಲದಿಂದ ಆಚೆ ಸಾಗಿಸಿ. ಇಲ್ಲದಿದ್ದರೆ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಕಾಯುತ್ತದೆ.

ನೀರು ಕಡಿಮೆಯಾದಾಗ ಈ ಗಿಡ ರಾತ್ರಿ ಹೊತ್ತು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ, ಎಲೆಯಲ್ಲಿ ಹುಳಿಯಾಗಿ ಕೂಡಿಡುತ್ತದೆ. ಹಗಲು ಬಿಸಿಲಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ಅದಕ್ಕೇ ಒಣ ದಿನಗಳಲ್ಲಿ ಬೆಳಗಿನ ಸೊಪ್ಪು ಹುಳಿ ಜಾಸ್ತಿ, ಸಂಜೆಯದ್ದು ಕಮ್ಮಿ. ತೊಗರಿಬೇಳೆ ಹಾಕಿ ಮಸ್ಸೊಪ್ಪು ಮಾಡುವವರು ಬೆಳಗಿನ ಸೊಪ್ಪಿಗೆ ಹುಣಸೆಹಣ್ಣು ಕಡಿಮೆ ಹಾಕಿದರಾಯಿತು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಇದರಲ್ಲಿ ಕಲ್ಲು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಜಾಸ್ತಿ.