ನಾಯಕಿ ಅಮ್ಮನಾಗುವ ಹೊತ್ತು

ಎಲ್ಲರಿಗೂ ನಮಸ್ಕಾರ. ಹಳೆಯ ಕನ್ನಡ ಸಿನಿಮಾದ ನಾಯಕಿಯರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ, ತುಂಬಾ ಸಂತೋಷ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1979ರ ಮೇ ತಿಂಗಳಲ್ಲಿ ಗೋಟೂರಿನಲ್ಲಿ ನಟಿ ಕಲ್ಪನಾಗೆ ಏನಾಯಿತು, ಯಾರು ಯಾರನ್ನು ಮದುವೆಯಾಗಿದ್ದರು, ಯಾರಿಗೂ ಯಾರಿಗೂ ಯಾಕೆ ಮಾತು ಬಿಟ್ಟಿತ್ತು, ಇದ್ಯಾವುದೂ ಇವತ್ತು ನನ್ನ ಬಾಯಲ್ಲಿ ಬರೋದಿಲ್ಲ. ಅದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ದಿನಾ ಅದನ್ನೇ ಅರೆಯುತ್ತಿದ್ದಾರೆ. ನಾನು ಹೇಳಬೇಕು ಅಂದುಕೊಂಡಿರುವುದು ಅವರು ಮಾಡಿದ ಕೆಲಸದ ಬಗ್ಗೆ. ಜೊತೆಗೆ, ಆ ಕೆಲಸ ಮಾಡಲು ಅವರಿಗೆ ಎಷ್ಟು ಕಡಿಮೆ ಕಾಲ ಸಿಕ್ಕಿತು ಅನ್ನೋದರ ಬಗ್ಗೆ.

ಪಂಢರಿಬಾಯಿ ಅವರಿಂದ ಶುರು ಮಾಡೋಣ. ಭಟ್ಕಳದವರು. ಚಿಕ್ಕ ವಯಸ್ಸಿನಲ್ಲೇ ಹರಿಕಥೆ ಮಾಡುತ್ತಿದ್ದವರು. 1952ರಲ್ಲಿ ತಮಿಳಿನ ‘ಪರಾಶಕ್ತಿ’ ಬಂತು, ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ. ಅದರಲ್ಲಿ ಅವರಿಗೆ ಜೋಡಿ ಪಂಢರಿಬಾಯಿ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಅದರಲ್ಲೂ ನಾಯಕಿ ಪಂಢರಿಬಾಯಿ. ದಕ್ಷಿಣದ ಇಬ್ಬರು ದೊಡ್ಡ ನಟರು ಹೊಸಬರಾಗಿ ಕ್ಯಾಮೆರಾ ಮುಂದೆ ನಿಂತಾಗ ಎದುರಿಗೆ ಇದ್ದವರು ಈಗಾಗಲೇ ಪಳಗಿದ ಈ ನಟಿ. ಈಗ 1986ಕ್ಕೆ ಬನ್ನಿ. ‘ಅನುರಾಗ ಅರಳಿತು’. ರಾಜ್‌ಕುಮಾರ್ ಆಗಲೂ ನಾಯಕ. ಪಂಢರಿಬಾಯಿ? ಅವರ ಅಮ್ಮ. ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು ಅನ್ನೋದನ್ನು ನೆನಪಿಡಿ. ಇದು ರಾಜ್‌ಕುಮಾರ್ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಸಿನಿಮಾದಲ್ಲಿ ಗಂಡಸಿನ ಗಡಿಯಾರ ಒಂದು, ಹೆಂಗಸಿನ ಗಡಿಯಾರ ಇನ್ನೊಂದು, ಅಷ್ಟೇ.

ಈ ಕಥೆಯ ತೀರಾ ಮೊದಲ ಹೆಸರು ತ್ರಿಪುರಾಂಬ. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಕೊಲ್ಹಾಪುರದಲ್ಲಿ ಶೂಟಿಂಗ್ ಆಯಿತು. ಸುಲೋಚನೆ ಪಾತ್ರ ಮಾಡಿದವರು ಇವರು, ಅಂದರೆ ಚಿತ್ರದ ಹೆಸರೇ ಇವರ ಪಾತ್ರದ ಹೆಸರು. ಆದರೆ ಅವರ ನಟನೆ ಹೇಗಿತ್ತು ಅಂತ ಇವತ್ತು ನೋಡಿ ಹೇಳುವ ಹಾಗಿಲ್ಲ, ಯಾಕಂದ್ರೆ ಆ ಸಿನಿಮಾದ ಪ್ರಿಂಟೇ ಉಳಿದಿಲ್ಲ. ನಮ್ಮ ಮೊದಲ ನಾಯಕಿಯನ್ನು ನಾವು ಫೋಟೊದಲ್ಲಷ್ಟೇ ನೋಡಬಹುದು. ಆಮೇಲೆ ಬಂದ ಎಂ.ವಿ. ರಾಜಮ್ಮ ನಾಟಕ ಕಂಪನಿಯಲ್ಲಿ ತಯಾರಾದವರು. 1936ರಲ್ಲಿ ‘ಸಂಸಾರ ನೌಕ’ದ ನಾಯಕಿ, 1943ಕ್ಕೆ ‘ರಾಧಾರಮಣ’ದ ನಿರ್ಮಾಪಕಿ. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಅಂತ ಅವರನ್ನೇ ಕರೆಯೋದು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಬ್ಬ ಹೆಂಗಸು ಬಂಡವಾಳ ಹಾಕಿ ಕನ್ನಡ ಸಿನಿಮಾ ಮಾಡಿದ್ದಾರೆ. ಬಾಲಕೃಷ್ಣ, ಜಿ.ವಿ. ಅಯ್ಯರ್ ಇವರೆಲ್ಲ ಆ ಚಿತ್ರದಿಂದಲೇ ತೆರೆಗೆ ಬಂದವರು. ನಾವು ಬಾಲಣ್ಣನ ತಮಾಷೆ ಹೇಳಿಕೊಂಡು ನಗುತ್ತೇವೆ, ಅವರಿಗೆ ಮೊದಲ ಸಂಬಳ ಕೊಟ್ಟ ಸಿನಿಮಾ ಯಾರದ್ದು ಅಂತ ಕೇಳೋದೇ ಇಲ್ಲ.

ಬಿ. ಸರೋಜಾದೇವಿ ಅವರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಕಳೆದ ವರ್ಷಗಳಲ್ಲಿ ಅವರ ಬಗ್ಗೆ ಸಾಕಷ್ಟು ಬರೆದಿದ್ದಾರೆ. 1955ರ ‘ಮಹಾಕವಿ ಕಾಳಿದಾಸ’ದಿಂದ ಶುರು, 1958ರಲ್ಲಿ ಎಂಜಿಆರ್ ಜೊತೆ ‘ನಾಡೋಡಿ ಮನ್ನನ್’, ಮರುವರ್ಷ ದಿಲೀಪ್ ಕುಮಾರ್ ಇದ್ದ ‘ಪೈಗಾಮ್’. ನಾಲ್ಕು ಭಾಷೆಯಲ್ಲಿ ಒಟ್ಟಿಗೆ ನಾಯಕಿ. ತೋಳಿಲ್ಲದ ರವಿಕೆ, ಈಜುಡುಗೆ ಹಾಕಬಾರದು ಅಂತ ಅಮ್ಮನ ಕಟ್ಟಪ್ಪಣೆ, ಅದನ್ನು ಮುರಿಯದೆಯೇ ಇಷ್ಟೆಲ್ಲ ಮಾಡಿದರು. ನನಗೆ ಅವರಲ್ಲಿ ಇಷ್ಟವಾಗೋದು ‘ಕಿತ್ತೂರು ಚೆನ್ನಮ್ಮ’. ಮಿಕ್ಕ ಕಡೆ ಅವರು ಚೆಂದ ಕಾಣಬೇಕಿತ್ತು, ಇಲ್ಲಿ ಆಳಬೇಕಿತ್ತು. 2025ರ ಜುಲೈ 14ರಂದು ತೀರಿಕೊಂಡಾಗ ತಮಿಳುನಾಡಿನವರೂ ತಮ್ಮ ಮನೆಯವರು ಹೋದ ಹಾಗೆ ಅತ್ತರು.

ಹರಿಣಿ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. 1951ರ ‘ಜಗನ್ಮೋಹಿನಿ’ಯಲ್ಲಿ ಈಜುಡುಗೆ ಹಾಕಿದ್ದರು ಅನ್ನೋದನ್ನೇ ಜನ ಹೇಳುತ್ತಾರೆ. ನಾನು ‘ನಾಂದಿ’ ನೋಡಿ ಅಂತೀನಿ. 1964, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಅದರಲ್ಲಿ ಹರಿಣಿ ಕಿವಿ ಕೇಳದ, ಮಾತು ಬಾರದ ಹೆಂಡತಿ. ಆ ಕಾಲವನ್ನು ಯೋಚಿಸಿ. ನಟರೆಲ್ಲ ನಾಟಕ ಕಂಪನಿಯಿಂದ ಬಂದವರು. ಅಲ್ಲಿ ಕೊನೆಯ ಬೆಂಚಿನವನಿಗೂ ಕೇಳಬೇಕು, ಹಾಗಾಗಿ ಗಂಟಲೇ ಬಂಡವಾಳ. ಸಿನಿಮಾಕ್ಕೆ ಬಂದ ಮೇಲೂ ಅದೇ ಉದ್ದುದ್ದ ಮಾತು. ಅಂಥದರಲ್ಲಿ ಈಕೆಗೆ ಒಂದು ಡೈಲಾಗೂ ಇಲ್ಲ! ಕಣ್ಣು, ಕೈ, ಇಷ್ಟೇ. ಗಂಡನ ತುಟಿ ನೋಡುತ್ತಾ, ಅವನು ಹೇಳಿದ್ದು ಅರ್ಥವಾಗುವ ಮೊದಲೇ ಅವನಿಗೆ ಬೇಸರವಾಗಿದೆಯಾ ಅಂತ ಹುಡುಕುವ ಆ ಮುಖ. ಎದುರಿಗೆ ರಾಜ್‌ಕುಮಾರ್ ಇದ್ದರೂ ನನ್ನ ಕಣ್ಣು ಆ ಕಡೆ ಹೋಗೋದಿಲ್ಲ.

ಸರಿ, ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಅರವತ್ತರ ದಶಕದ ಕೊನೆಯಿಂದ ಒಂದು ಹತ್ತು ವರ್ಷ ಕನ್ನಡದ ನಾಯಕಿಗೆ ಇದ್ದಕ್ಕಿದ್ದ ಹಾಗೆ ಒಳ್ಳೆಯ ಪಾತ್ರಗಳು ಬಂದವು. ಎಲ್ಲಿಂದ ಬಂದವು? ನಿರ್ದೇಶಕ ಪುಟ್ಟಣ್ಣ ಕಣಗಾಲ್ ತಂದರು ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಪುಟ್ಟಣ್ಣನ ಕೈಗೂ ಬೇರೆ ನಿರ್ದೇಶಕರ ಕೈಗೂ ಅವನ್ನು ಕೊಟ್ಟವರು ಯಾರು? ಹೆಂಗಸರು ಬರೆದ ಕಾದಂಬರಿಗಳು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’, ‘ಮುಕ್ತಿ’ ಎಲ್ಲ ತ್ರಿವೇಣಿ ಅವರದ್ದು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ. ‘ಎರಡು ಕನಸು’, ‘ಶುಭಮಂಗಳ’ ವಾಣಿ. ಲೈಬ್ರರಿಯಿಂದ ತಂದು, ಅಡುಗೆ ಮುಗಿಸಿ, ಮಧ್ಯಾಹ್ನ ಓದಿ, ಪಕ್ಕದ ಮನೆಯವರಿಗೆ ದಾಟಿಸಿದ ಪುಸ್ತಕಗಳು. ಥಿಯೇಟರಿಗೆ ಬಂದಾಗ ಆ ಓದುಗರಿಗೆ ಕಥೆ ಮೊದಲೇ ಗೊತ್ತು. ‘ಶರಪಂಜರ’ದ ಕಾವೇರಿ ಅಂದರೆ ಹೇಗಿರಬೇಕು ಅಂತ ಅವರ ಮನಸ್ಸಿನಲ್ಲಿ ಒಂದು ಲೆಕ್ಕ ಇತ್ತು. ಅಂಥವರ ಮುಂದೆ ನಟಿಸಿ ಪಾಸಾಗೋದು ಸುಲಭ ಅಲ್ಲ. ಇನ್ನೊಂದು ವಿಷಯ, ತ್ರಿವೇಣಿ 1963ರಲ್ಲೇ ಹೋಗಿಬಿಟ್ಟಿದ್ದರು. ‘ಬೆಳ್ಳಿಮೋಡ’ ತೆರೆಗೆ ಬಂದಿದ್ದು 1967ರಲ್ಲಿ. ಆ ಚಿತ್ರದ ನಾಯಕಿ ಇಂದಿರಾಳನ್ನಾಗಲಿ ಕಾವೇರಿಯನ್ನಾಗಲಿ ಅವರು ತೆರೆಯ ಮೇಲೆ ನೋಡಲೇ ಇಲ್ಲ.

1971ರ ‘ಶರಪಂಜರ’. ಕಲ್ಪನಾ ಮಾಡಿದ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ನಿಜವಾದ ಸಿನಿಮಾ ಶುರುವಾಗೋದು ಅಲ್ಲಿಂದ. ಅವಳನ್ನು ಎಲ್ಲರೂ ಸುಮ್ನೆ ನೋಡುತ್ತಾರೆ, ಅಷ್ಟೇ. ಜೋರಾಗಿ ನಕ್ಕರೆ ಹುಚ್ಚು, ಸುಮ್ಮನೆ ಕೂತರೂ ಹುಚ್ಚು, ಸಿಟ್ಟು ಮಾಡಿಕೊಂಡರಂತೂ ಮುಗೀತು. ಈಗಿನ ಹುಡುಗರು ಇದನ್ನು ನೋಡಿ ಕಲ್ಪನಾದು ಓವರ್ ಆ್ಯಕ್ಟಿಂಗ್ ಅಂತಾರೆ. ಕೊನೆಯ ಭಾಗ ಮಾತ್ರ ನೋಡಿದರೆ ಹಾಗನ್ನಿಸಬಹುದು, ಪುಟ್ಟಣ್ಣನಿಗೂ ಸ್ವಲ್ಪ ಜೋರೇ ಇಷ್ಟ. ಆದರೆ ಮಧ್ಯದ ಭಾಗ ನೋಡಿ, ಅವರು ಮಾತಾಡುವಾಗ ಅಲ್ಲ, ಬೇರೆಯವರ ಮಾತು ಕೇಳಿಸಿಕೊಳ್ಳುವಾಗ ನೋಡಿ. ಮೊದಲರ್ಧದಲ್ಲಿ ತಲೆ ಎತ್ತಿ ಓಡಾಡಿದ ಹೆಣ್ಣು ಈಗ ನಗುವ ಮುಂಚೆ ಎದುರಿನವರ ಮುಖ ನೋಡುತ್ತಾಳೆ. ನಗಬಹುದಾ ಅಂತ. ಅರ್ಧ ನಕ್ಕು ನಿಲ್ಲಿಸುತ್ತಾಳೆ. ಆ ಅರ್ಧ ನಗುವನ್ನು ಯಾವ ಕಾದಂಬರಿಯಲ್ಲೂ ಹಾಗೆ ಬರೆದುಕೊಡಲು ಆಗೋದಿಲ್ಲ, ಅದು ಪೂರ್ತಿ ಕಲ್ಪನಾ ಅವರ ಸಂಪಾದನೆ. ಅವರ ಸೀರೆ, ಬಳೆ, ಉಂಗುರ ನೋಡಿ ತಮಗೂ ಅಂಥದ್ದೇ ಬೇಕು ಅಂದ ತಲೆಮಾರು ಈ ನಗುವನ್ನೂ ಗುರುತು ಹಿಡಿದಿತ್ತು ಅಂತ ನನ್ನ ನಂಬಿಕೆ. ಇಲ್ಲದಿದ್ದರೆ ಅಷ್ಟು ಹೆಂಗಸರು ಅದಕ್ಕೆ ಮತ್ತೆ ಮತ್ತೆ ಯಾಕೆ ಹೋಗುತ್ತಿದ್ದರು?

ಒಂದು ತಕರಾರೂ ಇದೆ. ಈ ಚಿತ್ರಗಳು ಹೆಣ್ಣನ್ನು ಮಧ್ಯದಲ್ಲಿ ನಿಲ್ಲಿಸಿದವು, ಆಮೇಲೆ ಹೆಚ್ಚಿನವು ಅವಳನ್ನು ಉಳಿಸಲಿಲ್ಲ. ಕಾವೇರಿ ಮತ್ತೆ ಆಸ್ಪತ್ರೆಗೆ. ‘ಗೆಜ್ಜೆಪೂಜೆ’ಯ ಚಂದ್ರಾ ಸಾಯುತ್ತಾಳೆ. 1973ರ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಜಯಂತಿ ಮಾಡಿದ ಮಾಧವಿಗೂ ಅದೇ ಗತಿ. ಜಯಂತಿ ಧೈರ್ಯವನ್ನು ಮೆಚ್ಚಲೇಬೇಕು. 1965ರಲ್ಲೇ ‘ಮಿಸ್ ಲೀಲಾವತಿ’ಯಲ್ಲಿ ಸ್ಕರ್ಟು ಹಾಕಿ ಬೈಸಿಕೊಂಡವರು, ಇಲ್ಲಿ ಮದುವೆಯಾದ ಹೆಣ್ಣಿನ ಆಸೆಯನ್ನು ನಾಚಿಕೆಯಿಲ್ಲದೆ ತೋರಿಸಿದರು. ‘ವಿರಹಾ ನೂರು ನೂರು ತರಹ’ ಎಸ್. ಜಾನಕಿ ಹಾಡಿದ್ದು ಸರಿ, ಆದರೆ ಆ ಹಾಡು ಕೇಳಿದರೆ ನೆನಪಾಗೋದು ಜಯಂತಿ ಮುಖ, ಅಲ್ವಾ? ಹಾಗಿದ್ದೂ ಕಥೆ ಅವಳಿಗೆ ಶಿಕ್ಷೆ ಕೊಟ್ಟೇ ಮುಗಿಯಿತು. ಇದಕ್ಕೆ ಹೊರತು ‘ಬೆಳ್ಳಿಮೋಡ’. ಅಪ್ಪನ ಆಸ್ತಿ ಬರೋದಿಲ್ಲ ಅಂತ ಗೊತ್ತಾದಾಗ ಬಿಟ್ಟುಹೋದವನು ಕಾಲು ಮುರಿದುಕೊಂಡು ಬಿದ್ದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನು ಮದುವೆಯಾಗೋಣ ಅಂದಾಗ ಬೇಡ ಅನ್ನುತ್ತಾಳೆ. ಎಲ್ಲ ನಾಲ್ಕು ಚಿತ್ರದಲ್ಲೂ ನನಗೆ ಬೇಕಾದ ಮುಕ್ತಾಯ ಇದೊಂದೇ.

‘ಗೆಜ್ಜೆಪೂಜೆ’ ಬಗ್ಗೆ ಇನ್ನೊಂದು ಮಾತು. ಪಂಢರಿಬಾಯಿ, ಲೀಲಾವತಿ, ಕಲ್ಪನಾ, ಆರತಿ, ನಾಲ್ವರೂ ಆ ಒಂದೇ ಚಿತ್ರದಲ್ಲಿ ಇದ್ದಾರೆ. 1969. ಆರತಿ ಇನ್ನೂ ಹೊಸಬರು. ಲೀಲಾವತಿ ಕಲ್ಪನಾಗೆ ಅಮ್ಮ. ನಿಜವಾದ ವಯಸ್ಸಿನಲ್ಲಿ ಇಬ್ಬರಿಗೂ ಐದಾರು ವರ್ಷ ಅಂತರ, ಅಷ್ಟೇ! ಒಂಬತ್ತು ವರ್ಷದ ಹಿಂದೆ, ‘ರಾಣಿ ಹೊನ್ನಮ್ಮ’ದಲ್ಲಿ ಇದೇ ಲೀಲಾವತಿ ರಾಜ್‌ಕುಮಾರ್ ಅವರ ನಾಯಕಿ. ಬೆಳ್ತಂಗಡಿ ಕಡೆಯ ಹುಡುಗಿ, ಸುಬ್ಬಯ್ಯ ನಾಯ್ಡು ಅವರ ನಾಟಕ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡು ಮೇಲೆ ಬಂದವರು. ಬೇಗ ಅಮ್ಮನ ಪಾತ್ರಕ್ಕೆ ತಳ್ಳಿದರು ಅಂತ ಅವರು ಕೈಕಟ್ಟಿ ಕೂರಲಿಲ್ಲ. ಅಪರ್ಣಾ ಪಾತ್ರದಲ್ಲಿ ಮಗಳಿಗೆ ತನ್ನ ಬದುಕು ಬರಬಾರದು ಅಂತ ಒದ್ದಾಡುವ ತಾಯಿಯನ್ನು ನೋಡಿದರೆ, ನಾಯಕಿಯಾಗಿದ್ದಾಗಿನ ಎಷ್ಟೋ ಪಾತ್ರಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ. ಆಮೇಲೆ ಸೋಲದೇವನಹಳ್ಳಿಯಲ್ಲಿ ಮಗನ ಜೊತೆ ತೋಟ ಮಾಡಿದರು, ಊರಿಗೆ ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್ 8ರಂದು ಹೋದರು. ಸಾಯುವ ಸ್ವಲ್ಪ ದಿನ ಮುಂಚೆ ದನಕರುಗಳಿಗೂ ಒಂದು ಆಸ್ಪತ್ರೆ ಮಾಡಿಸಿಕೊಟ್ಟಿದ್ದರು.

ಭಾರತಿ, ಆರತಿ, ಮಂಜುಳಾ ಎಲ್ಲರನ್ನೂ ನಾನು ಬಿಟ್ಟೆ ಅಂತ ಮುಂದಿನ ಸಾಲಿನಲ್ಲಿ ಆಗಲೇ ಗೊಣಗಾಟ ಕೇಳುತ್ತಿದೆ. ಬಿಟ್ಟಿದ್ದು ಹೌದು. ‘ರಂಗನಾಯಕಿ’ಯ ಆರತಿಗೇ ಒಂದು ಸಂಜೆ ಬೇಕು. ಇಲ್ಲಿ ಕೂತಿರುವ ಅಮ್ಮಂದಿರು ಎಷ್ಟೋ ಜನ ‘ಶರಪಂಜರ’ವನ್ನು ಬಿಡುಗಡೆಯಾದಾಗಲೇ ನೋಡಿದ್ದೀರಿ, ನನಗಿಂತ ನಿಮಗೆ ಜಾಸ್ತಿ ಗೊತ್ತು. ಮೈಕ್ ಆ ಕಡೆ ಕೊಡಿ, ಕಾವೇರಿ ಬಗ್ಗೆ ಆಗ ನಿಮ್ಮ ಮನೆಯಲ್ಲಿ ಏನು ಮಾತಾಡಿಕೊಂಡರು ಅಂತ ಹೇಳಲಿ.