ಮಂಗಳೂರಿನಲ್ಲಿ ಎರಡು ದಿನ, ಕೈಯಲ್ಲೊಂದು ಹೆಂಚು

ಶಿರಾಡಿ ಘಾಟಿ ಇಳಿಯುವಾಗ ನಿದ್ದೆ ಹತ್ತಿತ್ತು. ಕಣ್ಣು ಬಿಟ್ಟಾಗ ಕಿಟಕಿಯಾಚೆ ತೆಂಗಿನ ಮರ, ಕೆಂಪು ಹೆಂಚಿನ ಮನೆ, ಮತ್ತೆ ತೆಂಗಿನ ಮರ. ಈ ಶಾಟ್ ಸ್ವಲ್ಪ ಅಲುಗಾಡುತ್ತಿದೆ, ಆದರೂ ಇಟ್ಟುಕೊಂಡಿದ್ದೇನೆ. ಈ ಕೆಂಪು ಮಾಡನ್ನು, ಅಂದರೆ ಹೆಂಚಿನ ಛಾವಣಿಯನ್ನು, ನೋಡಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬೆಳಗ್ಗೆ ಆರೂವರೆ. ರೂಮಿನಲ್ಲಿ ಬ್ಯಾಗ್ ಇಟ್ಟು ಸೀದಾ ಧಕ್ಕೆಗೆ ಹೋದೆ. ಇಲ್ಲಿ ಮೀನುಗಾರಿಕೆ ಬಂದರಿಗೆ ಧಕ್ಕೆ ಅಂತಾರೆ. ನೆಲವೆಲ್ಲ ಒದ್ದೆ, ಐಸ್ ಚೂರು, ಬುಟ್ಟಿಗಳ ನೂಕುನುಗ್ಗಲು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮೊಟ್ಟೆಯಿಡುವ ಕಾಲ. ನಾನು ಹೋದದ್ದು ಅಕ್ಟೋಬರ್, ಹಾಗಾಗಿ ಧಕ್ಕೆ ತುಂಬಿ ತುಳುಕುತ್ತಿತ್ತು. ಬಂಗುಡೆ, ಬೂತಾಯಿ, ಅಂಜಲ್. ಒಬ್ಬ ಅಕ್ಕ ನನ್ನನ್ನು ನೋಡಿ "ದಾನೆ ಮಗಾ, ಮೀನ್ ಬೋಡಾ?" ಅಂದರು. ತುಳು ಬರದಿದ್ದರೂ ಅರ್ಥ ಆಯಿತು. ನಾನು ಕನ್ನಡದಲ್ಲಿ ಬೇಡ ಅಂದೆ. ಅವರು ತಕ್ಷಣ ಕನ್ನಡಕ್ಕೆ ಬಂದರು, ಪಕ್ಕದವರ ಜೊತೆ ಬ್ಯಾರಿಯಲ್ಲಿ ಮಾತಾಡಿದರು. ಈ ಊರಿಗೆ ಹೆಸರೂ ಹಾಗೆಯೇ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಒಂದೇ ಊರಿಗೆ ಇಷ್ಟು ಹೆಸರು, ಎಲ್ಲವೂ ದಿನಬಳಕೆಯಲ್ಲಿ!

ತಿಂಡಿ ಹಂಪನಕಟ್ಟೆಯ ಹತ್ತಿರ. ಬನ್ಸ್ ಅಂದ ಕೂಡಲೇ ಬೇಕರಿ ಬನ್ನು ಅಂದುಕೊಳ್ಳಬೇಡಿ. ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಗ್ಗೆ ಲಟ್ಟಿಸಿ ಎಣ್ಣೆಗೆ ಬಿಡುತ್ತಾರೆ. ಹೊರಗೆ ಪೂರಿಯ ಹಾಗೆ ಉಬ್ಬಿರುತ್ತದೆ, ಒಳಗೆ ಮೆತ್ತಗೆ. ಸಿಹಿ ಬನ್ಸಿಗೆ ಖಾರದ ಕಾಯಿ ಚಟ್ನಿ. ಮೊದಲ ತುತ್ತಿಗೆ ಇದೆಂಥ ಜೋಡಿ ಅನ್ನಿಸಿತು, ಮೂರನೇ ತುತ್ತಿಗೆ ಇನ್ನೊಂದು ಪ್ಲೇಟ್ ಹೇಳಿದೆ. ಜೊತೆಗೆ ಸಜ್ಜಿಗೆ ಬಜಿಲ್ ತಿಂದೆ, ಅಂದರೆ ಉಪ್ಪಿಟ್ಟು, ಅದರ ಮೇಲೆ ಖಾರದ ಅವಲಕ್ಕಿ. ನಮ್ಮ ಕಡೆ ಎರಡನ್ನೂ ಬೇರೆ ಬೇರೆ ತಿನ್ನುತ್ತೇವೆ. ಯಾಕೆ ಇಷ್ಟು ದಿನ ಬೆರೆಸಲಿಲ್ಲವೋ ಗೊತ್ತಿಲ್ಲ.

ಸಂತ ಅಲೋಶಿಯಸ್ ಚಾಪೆಲ್ಲಿನ ಒಳಗೆ ಕ್ಯಾಮೆರಾ ತೆಗೆಯಲಿಲ್ಲ, ಸುಮ್ನೆ ಕೂತೆ. ಅದಕ್ಕೇ ಇಲ್ಲಿ ಹೊರಗಿನ ಅಂಗಳ ಮಾತ್ರ ಕಾಣುತ್ತಿದೆ. ಗೋಡೆ, ಕಮಾನು, ಮೇಲ್ಛಾವಣಿ, ಎಲ್ಲಿ ನೋಡಿದರೂ ಚಿತ್ರ. ಬರೆದವರು ಇಟಲಿಯ ಅಂತೋನಿಯೋ ಮೊಸ್ಕೇನಿ, ಜೆಸ್ವಿಟ್ ಎಂಬ ಕ್ರೈಸ್ತ ಸಂಘದವರು. 1898ರಲ್ಲಿ ಭಾರತಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ಇಷ್ಟನ್ನೂ ಮುಗಿಸಿದರು. ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗಿದರೆ ಬಣ್ಣ ಹಿಡಿಯುವುದಿಲ್ಲ. ಅಂದರೆ ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯಬೇಕು. ಈ ಸೆಕೆಯಲ್ಲಿ, ಏಣಿಯ ಮೇಲೆ ನಿಂತು! ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ವಯಸ್ಸು 51. ಬೆಂಚಿನ ಮೇಲೆ ಕೂತು ತಲೆಯೆತ್ತಿ ನೋಡುತ್ತಾ ಅವರ ಕುತ್ತಿಗೆ ಎಷ್ಟು ನೋಯುತ್ತಿತ್ತೋ ಅಂತ ಯೋಚಿಸಿದೆ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ. ಪುಳಿ ಅಂದರೆ ಹುಳಿ, ಮುಂಚಿ ಅಂದರೆ ಮೆಣಸು. ಹೆಸರಲ್ಲೇ ಎಲ್ಲ ಇದೆ.

ಸಂಜೆ ಸುಲ್ತಾನ್ ಬತ್ತೇರಿ. ಟಿಪ್ಪು ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು, ಕಟ್ಟಿದ್ದು 1784ರಲ್ಲಿ. ಚಿಕ್ಕದು, ಹತ್ತು ನಿಮಿಷ ಸಾಕು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿ ಕಡಲ ತೀರಕ್ಕೆ ಹೋದೆ. ಸೂರ್ಯ ಮುಳುಗುವುದನ್ನು ನೋಡಿ. ನಾನು ಮಾತಾಡುವುದಿಲ್ಲ.

ಇನ್ನು ಆ ಹೆಂಚಿನ ವಿಷಯ.

ಎರಡನೇ ದಿನ ಜೆಪ್ಪು, ಬೋಳಾರದ ಕಡೆ ಸುಮ್ನೆ ನಡೆದುಕೊಂಡು ಹೊರಟಿದ್ದೆ. ಆಟೋದವರು "ಅಲ್ಲಿ ಎಂತ ಉಂಟು ಮಾರಾಯ್ರೆ ನೋಡ್ಲಿಕ್ಕೆ?" ಅಂದಿದ್ದರು. ಇದ್ದಕ್ಕಿದ್ದಂತೆ ಮಳೆ. ಒಂದು ಹಳೇ ಗೋದಾಮಿನ ಮಾಡಿನ ಕೆಳಗೆ ನಿಂತೆ. ಕಾಲ ಬಳಿ ಹಳೇ ಹೆಂಚುಗಳ ರಾಶಿ. ಒಂದನ್ನು ಎತ್ತಿ ತಿರುಗಿಸಿದರೆ, ಹಿಂದೆ ಇಂಗ್ಲಿಷಿನಲ್ಲಿ ಅಚ್ಚು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಪಕ್ಕದ ಮನೆಯ ಜಗಲಿಯಿಂದ ಒಬ್ಬ ಅಜ್ಜ ಕರೆದರು. "ಬನ್ನಿ, ಕೂತ್ಕೊಳ್ಳಿ. ಅದು ಕೊಡಿ ಇಲ್ಲಿ." ಹೆಂಚನ್ನು ಎಡಗೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ಬಡಿದರು. ಟಣ್! ಕೇಳಿಸಿತಾ? ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಇನ್ನೊಮ್ಮೆ ಕೇಳಿಸುತ್ತೇನೆ. "ಹೀಗೆ ಹೇಳಿದ್ರೆ ಚೆನ್ನಾಗಿ ಬೆಂದಿದೆ ಅಂತ. ಡಬ್ ಅಂದ್ರೆ ಒಳಗೆ ಬಿರುಕು ಉಂಟು." ಅವರ ತಾಯಿ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಹೊಳೆ ಬದಿಯ ಜೇಡಿಮಣ್ಣು ತಂದು, ಹದ ಮಾಡಿ, ಅಚ್ಚಿಗೆ ಹಾಕಿ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಡುತ್ತಿದ್ದರು. ಹಿಂದೆ ಇರುವ ಈ ಎರಡು ಗುಬುಟು ರೀಪಿಗೆ, ಅಂದರೆ ಮಾಡಿನ ಮರದ ಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಅಂಚಿನ ಗೆರೆ ಪಕ್ಕದ ಹೆಂಚಿಗೆ ಕೂರುತ್ತದೆ. ಅದಕ್ಕೇ ಎಂಥ ಮಳೆ ಬಂದರೂ ನೀರು ಒಳಗೆ ಬರದೆ ಜಾರಿಹೋಗುತ್ತದೆ.

ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನರಿ ಸಂಸ್ಥೆ, ಅವರು ಇಲ್ಲಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಅದೇ ಮಿಷನ್ನಿನವರು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇದೇ ಊರಿನ ಅವರ ಪ್ರೆಸ್ಸಿನಲ್ಲಿ. ಇದನ್ನೆಲ್ಲ ಪರೀಕ್ಷೆಗೆ ಓದಿದ್ದೆ. ಆದರೆ ಹೆಂಚು ಬೇರೆ. ಅರಸೀಕೆರೆ ಹತ್ತಿರದ ನಮ್ಮ ಅಜ್ಜಿ ಮನೆಗೆ ಇದೇ ಮಾಡು. ಲಾರಿಯಲ್ಲಿ ಮಂಗಳೂರು ಹೆಂಚು ಬಂದ ದಿನ ಬೀದಿಯವರೆಲ್ಲ ನೋಡಲು ಬಂದಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಅದರ ಕೆಳಗೆ ಮಲಗಿ ಮಳೆ ಸದ್ದು ಕೇಳಿದವನು ನಾನು. ಒಂದು ಸಲವೂ ತಿರುಗಿಸಿ ನೋಡಿರಲಿಲ್ಲ.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. "ಈಗ್ಲೇ ನೋಡ್ಬೇಕಾ?" ಅಂದರು. ಬೇಕು ಅಂದೆ. ಅಜ್ಜ ಒಳಗೆ ಹೋಗಿ ಚಹಾ ತಂದರು. ನನ್ನ ಊರು ಯಾವುದು, ಅಲ್ಲಿ ಮಳೆ ಹೇಗೆ, ಮನೆ ಇನ್ನೂ ಇದೆಯಾ, ಎಲ್ಲ ಕೇಳಿದರು. ಇದೆ ಅಂದೆ. "ಕೆಡವ್ಬೇಡಿ ಆಯ್ತಾ" ಅಂದರು.

ಚಹಾ ಮುಗಿಯುವಷ್ಟರಲ್ಲಿ ಫೋಟೋ ಬಂತು. ಕೊಟ್ಟಿಗೆಯ ಹಿಂದೆ ಪೇರಿಸಿಟ್ಟಿದ್ದ ಹೆಂಚು, ಅಮ್ಮನ ಹೆಬ್ಬೆರಳು, ಜೇಡರ ಬಲೆ. ಬಾಸೆಲ್ ಅಲ್ಲ, ಬೇರೆ ಅಚ್ಚು. ಅರ್ಧ ಅಳಿಸಿಹೋಗಿದೆ. ಕೊನೆಯ ಪದ ಮಾತ್ರ ಸರಿಯಾಗಿ ಕಾಣುತ್ತದೆ: ಮಂಗಳೂರು.

ಫೋನನ್ನು ಅಜ್ಜನಿಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು, ಹತ್ತಿರ ಹಿಡಿದು, ಬಹಳ ಹೊತ್ತು ನೋಡುತ್ತಿದ್ದರು.